ಬ್ಯಾರಿಕೇಡ್ ಕಂಡಲ್ಲಿ ಗಾಡಿ ತಿರುಗಿಸಿ
ಮಳೆ-ಗಾಳಿಯ ದಿನ ಪೊಲೀಸರು ರಸ್ತೆ ತಡೆದಾಗ ನಾವು ಹೇಗೆ ನಡೆದುಕೊಳ್ಳಬೇಕು?



ಜೂನ್ ತಿಂಗಳು ಬಂತೆಂದರೆ ನಮ್ಮ ಕರಾವಳಿಯಲ್ಲೂ ಮಲೆನಾಡಿನಲ್ಲೂ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: "ರಸ್ತೆ ಬಂದ್ ಆಗಿದೆಯಂತೆ." ಒಂದು ದಿನ ಶಿರಾಡಿ ಘಾಟಿ, ಇನ್ನೊಂದು ದಿನ ಚಾರ್ಮಾಡಿ, ಮತ್ತೊಂದು ದಿನ ನಮ್ಮೂರಿನದೇ ಕಿರುಸೇತುವೆ. ರಸ್ತೆಗೆ ಅಡ್ಡವಾಗಿ ಬ್ಯಾರಿಕೇಡ್ ಇಟ್ಟು, ರೈನ್‌ಕೋಟ್ ಹಾಕಿದ ಪೊಲೀಸರೋ ಗೃಹರಕ್ಷಕ ದಳದವರೋ ನಿಂತಿರುತ್ತಾರೆ. ಬಸ್ಸು ನಿಲ್ಲುತ್ತದೆ, ಜೀಪು ನಿಲ್ಲುತ್ತದೆ, ಹತ್ತಾರು ಬೈಕುಗಳು ಬಂದು ನಿಲ್ಲುತ್ತವೆ. ಆಮೇಲೆ ಶುರುವಾಗುತ್ತದೆ ಮಾತಿಗೆ ಮಾತು.

ಬ್ಯಾರಿಕೇಡ್ ಎದುರು ಬಂದು ನಿಲ್ಲುವವರು ಮೂರು ತರದ ಜನ. ಮೊದಲನೆಯವರು ಆಚೆ ಕಡೆ ಮನೆ ಇರುವವರು, ಆಸ್ಪತ್ರೆಗೆ ಹೋಗಬೇಕಾದವರು. ಎರಡನೆಯವರು ಅಕ್ಕಿ, ಬಟ್ಟೆ, ಚಾಪೆ ಹಿಡಿದುಕೊಂಡು ಸಹಾಯಕ್ಕೆ ಹೊರಟವರು. ಮೂರನೆಯವರು "ಗುಡ್ಡ ಹೇಗೆ ಜರಿದಿದೆ, ನೀರು ಎಷ್ಟು ಬಂದಿದೆ ನೋಡಿ ಬರೋಣ" ಅಂತ ಮೊಬೈಲ್ ಹಿಡಿದು ಹೊರಟವರು. ಮೂವರೂ ಪೊಲೀಸರ ಹತ್ತಿರ ಹೇಳುವುದು ಒಂದೇ ಮಾತು: "ಸಾರ್, ನಮ್ಮನ್ನೊಂದು ಬಿಡಿ ಸಾರ್."

ಪೊಲೀಸರು ಬೇಕೆಂದೇ ನಮಗೆ ತೊಂದರೆ ಕೊಡುತ್ತಿದ್ದಾರೆ ಎಂದು ಆ ಹೊತ್ತಿಗೆ ಅನ್ನಿಸುವುದು ಸಹಜ. ಆದರೆ ರಸ್ತೆ ತಡೆಯುವುದಕ್ಕೆ ಎರಡು ಕಾರಣಗಳಿವೆ. ಒಂದು, ನಮ್ಮ ಜೀವ. ಇನ್ನೊಂದನ್ನು ನಾವು ಸಾಮಾನ್ಯವಾಗಿ ಮರೆತುಬಿಡುತ್ತೇವೆ: ಆ ರಸ್ತೆಯಲ್ಲಿ ಈಗ ನಮಗಿಂತ ಅವಸರವಾಗಿ ಹೋಗಬೇಕಾದವರು ಇದ್ದಾರೆ. ಆಂಬುಲೆನ್ಸ್, ಅಗ್ನಿಶಾಮಕ ದಳದ ವಾಹನ, ಮಣ್ಣು ತೆಗೆಯುವ ಜೆಸಿಬಿ, ಕರೆಂಟಿನವರ ಜೀಪು ಇವುಗಳಿಗೆ ದಾರಿ ಖಾಲಿ ಇರಬೇಕು. ನಾವು ನಿಲ್ಲುವುದರಿಂದ ಅವರು ಹೋಗುತ್ತಾರೆ. ಈ ಒಂದು ವಿಷಯ ಮನಸ್ಸಿಗೆ ಬಂದರೆ ಉಳಿದದ್ದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಬಿರುಗಾಳಿಯ ಬೆನ್ನು ಹತ್ತುವವರ ಪಾಠ

ಅಪಾಯವನ್ನು ಹತ್ತಿರ ಹೋಗಿ ನೋಡುವ ಆಸೆ ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದಲ್ಲಿ ಅದನ್ನೇ ಹವ್ಯಾಸ ಮಾಡಿಕೊಂಡವರೂ ಇದ್ದಾರೆ, ಅಧ್ಯಯನ ಮಾಡಿಕೊಂಡವರೂ ಇದ್ದಾರೆ. ಅಲ್ಲಿನ ಒಕ್ಲಹೋಮ, ಕಾನ್ಸಾಸ್, ಟೆಕ್ಸಾಸ್ ರಾಜ್ಯಗಳ ಬಯಲು ಪ್ರದೇಶದಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ಟೊರ್ನೆಡೊ ಎಂಬ ಭಯಂಕರ ಸುಂಟರಗಾಳಿ ಏಳುತ್ತದೆ. ಮನೆಗಳನ್ನು ಬುಡಸಮೇತ ಕಿತ್ತೆಸೆಯುವ ಗಾಳಿ ಅದು. ಅದರ ಹಿಂದೆ ಕಾರಿನಲ್ಲಿ ಹೋಗಿ ಫೋಟೊ ತೆಗೆಯುವವರು, ಗಾಳಿಯ ವೇಗ ಅಳೆಯುವವರು, ಟಿವಿಗೆ ಸುದ್ದಿ ಕಳಿಸುವವರು ಅಲ್ಲಿ ಬಹಳ ಜನ. ಅವರನ್ನು ಬಿರುಗಾಳಿ ಬೆನ್ನಟ್ಟುವವರು ಎಂದು ಕರೆಯುತ್ತಾರೆ.

2013ರ ಮೇ 31ರಂದು ಒಕ್ಲಹೋಮದ ಎಲ್ ರೀನೋ ಎಂಬ ಊರಿನ ಹತ್ತಿರ ಇಂಥ ಒಂದು ಸುಂಟರಗಾಳಿ ಎದ್ದಿತು. ಅದರ ಅಗಲ ಸುಮಾರು 4.2 ಕಿಲೋಮೀಟರ್. ದಾಖಲಾದ ಟೊರ್ನೆಡೊಗಳಲ್ಲೇ ಅತಿ ಅಗಲವಾದದ್ದು. ಗಾಳಿ ಇದ್ದಕ್ಕಿದ್ದಂತೆ ದಿಕ್ಕು ಬದಲಿಸಿತು, ವೇಗ ಹೆಚ್ಚಿಸಿತು. ವರ್ಷಗಟ್ಟಲೆ ಟೊರ್ನೆಡೊ ಅಧ್ಯಯನ ಮಾಡಿದ್ದ ಸಂಶೋಧಕ ಟಿಮ್ ಸಮಾರಸ್, ಅವರ ಮಗ ಪಾಲ್, ಜೊತೆಗಾರ ಕಾರ್ಲ್ ಯಂಗ್ ಮೂವರೂ ಸತ್ತರು. ಎಚ್ಚರಿಕೆಯ ಮನುಷ್ಯ ಎಂದು ಹೆಸರಾದವರೇ ಅವರು. ಅದೇ ಸಂಜೆ ಒಕ್ಲಹೋಮ ಸಿಟಿಯ ಸುತ್ತಮುತ್ತ ಇನ್ನೊಂದು ಅಪಾಯ ಹುಟ್ಟಿತ್ತು. ಹನ್ನೊಂದು ದಿನದ ಹಿಂದೆಯಷ್ಟೇ ಪಕ್ಕದ ಮೂರ್ ಎಂಬ ಊರಿನಲ್ಲಿ 24 ಮಂದಿ ಸತ್ತಿದ್ದರು. ಆ ಹೆದರಿಕೆಯಿಂದ ಜನ ಕಾರು ಹತ್ತಿ ಹೊರಟರು. ಹೆದ್ದಾರಿಗಳು ತುಂಬಿ ವಾಹನಗಳು ಅಲ್ಲಾಡದೆ ನಿಂತವು.

ಇನ್ನೂ ಒಂದು ಸಂಗತಿ ಗಮನಿಸಿ. ಇಂಥವರ ಜೀವ ಹೋಗುವುದು ಗಾಳಿಯಿಂದ ಮಾತ್ರವಲ್ಲ, ರಸ್ತೆಯಲ್ಲೂ ಹೋಗುತ್ತದೆ. 2017ರ ಮಾರ್ಚ್ 28ರಂದು ಟೆಕ್ಸಾಸ್‌ನ ಸ್ಪರ್ ಎಂಬಲ್ಲಿ ಬೆನ್ನಟ್ಟುವವರದೇ ಎರಡು ವಾಹನಗಳು ಅಡ್ಡರಸ್ತೆಯಲ್ಲಿ ಡಿಕ್ಕಿಯಾಗಿ ಮೂವರು ಸತ್ತರು. ನಿಲ್ಲಬೇಕೆಂಬ ಫಲಕ ಇದ್ದಲ್ಲಿ ಒಂದು ವಾಹನ ನಿಂತಿರಲಿಲ್ಲ. 2022ರ ಏಪ್ರಿಲ್ ಕೊನೆಯಲ್ಲಿ ಒಕ್ಲಹೋಮ ವಿಶ್ವವಿದ್ಯಾಲಯದ ಮೂವರು ಹವಾಮಾನ ವಿದ್ಯಾರ್ಥಿಗಳು ಬಿರುಗಾಳಿ ನೋಡಿ ಹಿಂದಿರುಗುವಾಗ ಮಳೆಗೆ ಕಾರು ಜಾರಿ, ಲಾರಿ ಬಡಿದು ತೀರಿಕೊಂಡರು.

ಇಷ್ಟೆಲ್ಲ ಆದ ಮೇಲೆ ಅಲ್ಲಿನ ಅನುಭವಸ್ಥರು ಹೊಸಬರಿಗೆ ಹೇಳುವ ಬುದ್ಧಿಮಾತು ಸರಳವಾಗಿದೆ. ಪೊಲೀಸರು ರಸ್ತೆ ತಡೆದರೆ ವಾದ ಮಾಡಬೇಡಿ, ಗಾಡಿ ತಿರುಗಿಸಿ. ಬ್ಯಾರಿಕೇಡ್ ಸುತ್ತಿ ಹೊಲದೊಳಗಿಂದ ಹೋಗಬೇಡಿ. ಗಾಡಿ ನಿಲ್ಲಿಸುವುದಾದರೆ ರಸ್ತೆಯಿಂದ ಪೂರ್ತಿ ಕೆಳಗೆ ಇಳಿಸಿ ನಿಲ್ಲಿಸಿ. ಮನೆ ಬಿಡುವ ಮೊದಲೇ ನಕ್ಷೆ ನೋಡಿ ಬದಲಿ ದಾರಿ ತಿಳಿದುಕೊಳ್ಳಿ. ಅಲ್ಲಿನ ಸರ್ಕಾರಿ ಹವಾಮಾನ ಇಲಾಖೆ 'ಸ್ಕೈವಾರ್ನ್' ಎಂಬ ಕಾರ್ಯಕ್ರಮದಲ್ಲಿ ಲಕ್ಷಗಟ್ಟಲೆ ಸ್ವಯಂಸೇವಕರಿಗೆ ಮೋಡ, ಗಾಳಿ ಗುರುತಿಸುವ ತರಬೇತಿ ಕೊಟ್ಟಿದೆ. ಆದರೆ ತರಬೇತಿ ಪಡೆದಿದ್ದೇನೆ ಎಂದು ಪೊಲೀಸ್ ತಡೆ ದಾಟುವ ಹಕ್ಕು ಅದರಿಂದ ಬರುವುದಿಲ್ಲ. ಕಂಡದ್ದನ್ನು ಸುರಕ್ಷಿತ ಜಾಗದಿಂದ ತಿಳಿಸುವುದು ಅವರ ಕೆಲಸ, ಒಳಗೆ ನುಗ್ಗುವುದಲ್ಲ.

ಗಾಳಿಯನ್ನೇ ಓದಿಕೊಂಡವರು ನಿಲ್ಲಬೇಕಾದಲ್ಲಿ, ಬೈಕ್ ಮೇಲೆ ಹೊರಟ ನಮ್ಮ ಹುಡುಗರು ನಿಲ್ಲುವುದರಲ್ಲಿ ಅವಮಾನ ಏನಿದೆ? ನಮ್ಮಲ್ಲಿ ಟೊರ್ನೆಡೊ ಇಲ್ಲದಿರಬಹುದು. ಗುಡ್ಡ ಕುಸಿತ, ನೆರೆ, ಕಡಲ್ಕೊರೆತ, ಚಂಡಮಾರುತ ಇವೆಯಲ್ಲ.

ಬ್ಯಾರಿಕೇಡ್‌ನ ಆಚೆ ಏನಿರುತ್ತದೆ?

ಈಚೆಯಿಂದ ನೋಡಿದರೆ ಕೆಲವೊಮ್ಮೆ ರಸ್ತೆ ಚೆನ್ನಾಗಿಯೇ ಕಾಣುತ್ತದೆ. "ಏನೂ ಇಲ್ಲ, ಸುಮ್ನೆ ನಿಲ್ಲಿಸಿದ್ದಾರೆ" ಅನ್ನುತ್ತೇವೆ. ಆಚೆ ಏನಿರಬಹುದು ತಿಳಿಯೋಣ.

ಎರಡನೇ ಕುಸಿತ: ಒಮ್ಮೆ ಜರಿದ ಗುಡ್ಡ ಅಲ್ಲಿಗೇ ನಿಲ್ಲುತ್ತದೆ ಎಂದು ಹೇಳಲು ಬರುವುದಿಲ್ಲ. ಮೇಲಿನ ಮಣ್ಣು ನೀರು ಕುಡಿದು ಭಾರವಾಗಿರುತ್ತದೆ, ಕೆಳಗಿನ ಆಧಾರ ಹೋಗಿರುತ್ತದೆ. 2024ರ ಜುಲೈ 30ರ ನಸುಕಿನಲ್ಲಿ ಕೇರಳದ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳಲ್ಲಿ ಮೊದಲ ಕುಸಿತವಾಗಿ ಕೆಲವೇ ಗಂಟೆಗಳಲ್ಲಿ ಮತ್ತೊಮ್ಮೆ ಕುಸಿಯಿತು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮಳೆ ನಿಂತಿತು, ಬಿಸಿಲು ಬಂತು ಎಂದ ಮಾತ್ರಕ್ಕೆ ಗುಡ್ಡ ಗಟ್ಟಿಯಾಗುವುದಿಲ್ಲ.

ಹರಿಯುವ ನೀರು: ನೀರು ಮೊಣಕಾಲಿಗಿಂತ ಕೆಳಗಿದ್ದರೂ ಸೆಳೆತ ಇರುತ್ತದೆ. ರಭಸವಾಗಿ ಹರಿಯುವ ಅರ್ಧ ಅಡಿ ನೀರು ದೊಡ್ಡವರ ಕಾಲನ್ನೇ ತಪ್ಪಿಸಬಲ್ಲದು. ಒಂದು ಅಡಿ ನೀರು ಸಣ್ಣ ಕಾರನ್ನು ತೇಲಿಸಬಲ್ಲದು. ಎರಡು ಅಡಿ ನೀರು ಜೀಪಿನಂಥ ವಾಹನವನ್ನೂ ಎಳೆದುಕೊಂಡು ಹೋಗಬಲ್ಲದು. ಕೆಂಪು ನೀರಿನ ಕೆಳಗೆ ಮೋರಿ ಇದೆಯೋ, ಕೊಚ್ಚಿಹೋಗಿದೆಯೋ ಕಣ್ಣಿಗೆ ಕಾಣುವುದಿಲ್ಲ. "ನಿನ್ನೆ ಇದೇ ದಾರಿಯಲ್ಲಿ ಬಂದಿದ್ದೆ" ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಕರೆಂಟಿನ ತಂತಿ: ಮರ ಬಿದ್ದಲ್ಲಿ ತಂತಿಯೂ ಬಿದ್ದಿರುತ್ತದೆ. ಒದ್ದೆ ನೆಲದಲ್ಲಿ ತಂತಿ ಮುಟ್ಟದೇ ಇದ್ದರೂ ಶಾಕ್ ಹೊಡೆಯಬಹುದು. ಲೈನ್ ಆಫ್ ಮಾಡಿದ್ದಾರೆ ಎಂದು ಇಲಾಖೆಯವರೇ ಹೇಳುವ ತನಕ ಹತ್ತಿರ ಹೋಗಬಾರದು.

ಕಣ್ಣು ತಪ್ಪಿಸುವ ಶಾಂತಿ: ಚಂಡಮಾರುತದ ನಡುಭಾಗ ನಮ್ಮ ಮೇಲೆ ಬಂದಾಗ ಗಾಳಿ ತಟ್ಟನೆ ನಿಲ್ಲುತ್ತದೆ. ಎಲ್ಲ ಮುಗಿಯಿತು ಎಂದು ಜನ ಹೊರಗೆ ಬರುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ವಿರುದ್ಧ ದಿಕ್ಕಿನಿಂದ ಅಷ್ಟೇ ಜೋರಾಗಿ ಗಾಳಿ ಬೀಸುತ್ತದೆ. ಹಾಗಾಗಿ ಸಮುದ್ರ ತೀರದ ರಸ್ತೆ ತೆರೆಯುವುದನ್ನು ಅಧಿಕಾರಿಗಳು ತಡಮಾಡುತ್ತಾರೆ.

ರಕ್ಷಣಾ ಕೆಲಸ: ವಯನಾಡಿನಲ್ಲಿ ಸೇತುವೆ ಕೊಚ್ಚಿಹೋಗಿ ಮುಂಡಕ್ಕೈ ಕಡೆಗೆ ದಾರಿಯೇ ಇರಲಿಲ್ಲ. ನಮ್ಮ ಬೆಂಗಳೂರಿನಲ್ಲಿ ನೆಲೆ ಇರುವ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರು ಹಗಲು ರಾತ್ರಿ ದುಡಿದು 190 ಅಡಿ ಉದ್ದದ ಬೈಲಿ ಸೇತುವೆಯನ್ನು ಆಗಸ್ಟ್ 1ರ ಸಂಜೆಯೊಳಗೆ ಕಟ್ಟಿ ಮುಗಿಸಿದರು. ಅದರ ಕಬ್ಬಿಣದ ಭಾಗಗಳು ಲಾರಿಗಳಲ್ಲಿ ಅದೇ ಬೆಟ್ಟದ ರಸ್ತೆಗಳಲ್ಲಿ ಬರಬೇಕಿತ್ತು. ಆ ದಿನಗಳಲ್ಲೇ ಕೇರಳ ಪೊಲೀಸರು ಜನರಲ್ಲಿ ಕೇಳಿಕೊಂಡರು: ನೋಡಲಿಕ್ಕೆಂದು ಬರಬೇಡಿ, ರಕ್ಷಣಾ ಕೆಲಸಕ್ಕೆ ಅಡ್ಡಿಯಾಗುತ್ತದೆ. ಯೋಚಿಸಿ, ಇಕ್ಕಟ್ಟಾದ ರಸ್ತೆಯಲ್ಲಿ ನೋಡಲು ಬಂದವರ ಹತ್ತು ಕಾರು ಅಡ್ಡ ನಿಂತರೆ ಸೇತುವೆಯ ಲಾರಿ ಎಷ್ಟು ಹೊತ್ತು ಕಾಯಬೇಕು? ಮಣ್ಣಿನಡಿ ಇರುವವರಿಗೆ ಅಷ್ಟು ಹೊತ್ತು ಇರುತ್ತದೆಯೇ?

ನಮ್ಮ ರಾಜ್ಯದಲ್ಲೇ ನೋಡಿ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜರಿದು ಮಡಿಕೇರಿ-ಸಂಪಾಜೆ ರಸ್ತೆಯೇ ಕಡಿದುಹೋಯಿತು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಅನೇಕ ಕಡೆ ಕುಸಿದು ರಸ್ತೆ ಮುಚ್ಚಬೇಕಾಯಿತು. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಬಿತ್ತು. ರಸ್ತೆ ಬದಿಯ ಚಹಾ ಅಂಗಡಿ, ಅಲ್ಲಿ ನಿಂತಿದ್ದ ವಾಹನಗಳು, ಜನ ಎಲ್ಲ ಗಂಗಾವಳಿ ನದಿಗೆ ಹೋದವು. ನದಿಯ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೂ ಬಡಿಯಿತು. ಒಂದು ಲಾರಿಯನ್ನು ನದಿಯಿಂದ ಮೇಲೆತ್ತಲು ಸೆಪ್ಟೆಂಬರ್ ಕೊನೆಯ ತನಕ ಕಾಯಬೇಕಾಯಿತು. ದಿನವೂ ನೂರಾರು ಗಾಡಿ ಓಡಾಡುವ ದೊಡ್ಡ ಹೆದ್ದಾರಿಯ ಕಥೆಯೇ ಹೀಗಾದರೆ ನಮ್ಮ ಊರಿನ ಗುಡ್ಡದ ರಸ್ತೆಗಳ ಬಗ್ಗೆ ಹೇಳಬೇಕೆ?

ತಡೆಯುವ ಅಧಿಕಾರ ಯಾರಿಗಿದೆ?

"ಸರ್ಕಾರಿ ರಸ್ತೆ, ಇವರು ಯಾರು ತಡೀಲಿಕ್ಕೆ?" ಎಂದು ಕೇಳುವವರಿದ್ದಾರೆ. ಇದಕ್ಕೆ ಕಾನೂನು ಇದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 34ನೇ ಕಲಮಿನ ಪ್ರಕಾರ, ಜಿಲ್ಲಾಧಿಕಾರಿಯವರು ಮುಖ್ಯಸ್ಥರಾಗಿರುವ ಜಿಲ್ಲಾ ಪ್ರಾಧಿಕಾರವು ಅಪಾಯದ ಪ್ರದೇಶಕ್ಕೆ ವಾಹನಗಳು ಹೋಗದಂತೆ, ಜನರು ಒಳಗೆ ಹೋಗದಂತೆ ತಡೆಯಬಹುದು. ಸರಿಯಾದ ಕಾರಣ ಇಲ್ಲದೆ ಅಧಿಕಾರಿಗಳಿಗೆ ಅಡ್ಡಿ ಮಾಡಿದರೆ, ಅವರು ಕೊಟ್ಟ ಸೂಚನೆ ಪಾಲಿಸದಿದ್ದರೆ 51ನೇ ಕಲಮಿನಂತೆ ಒಂದು ವರ್ಷದ ತನಕ ಜೈಲು ಅಥವಾ ದಂಡ, ಅಥವಾ ಎರಡೂ ಆಗಬಹುದು. ಅದರಿಂದ ಯಾರದಾದರೂ ಜೀವ ಹೋದರೆ, ಜೀವಕ್ಕೆ ಕೂಡಲೇ ಅಪಾಯ ಬಂದರೆ ಜೈಲು ಎರಡು ವರ್ಷದ ತನಕ ಹೋಗಬಹುದು.

ಮೋಟಾರು ವಾಹನ ಕಾಯ್ದೆಯಲ್ಲಿ 2019ರಲ್ಲಿ ತಂದ ತಿದ್ದುಪಡಿಯಂತೆ, ಆಂಬುಲೆನ್ಸ್, ಅಗ್ನಿಶಾಮಕ ವಾಹನಗಳಿಗೆ ದಾರಿ ಬಿಡದಿದ್ದರೆ ಆರು ತಿಂಗಳ ತನಕ ಜೈಲು ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಸಂಘದ ಸಾಲದಲ್ಲಿ ಬೈಕ್ ತೆಗೆದ ಮನೆಯವರು ಈ ಮೊತ್ತ ನೆನಪಿಟ್ಟುಕೊಳ್ಳಬೇಕು.

ದಂಡದ ಹೆದರಿಕೆಗಾಗಿ ಮಾತ್ರ ಇದನ್ನು ಬರೆಯುತ್ತಿಲ್ಲ. ಮಳೆಯಲ್ಲಿ ನಿಂತ ಆ ಹೋಮ್‌ಗಾರ್ಡ್ ಸ್ವಂತ ತೀರ್ಮಾನದಿಂದ ನಮ್ಮನ್ನು ತಡೆಯುತ್ತಿಲ್ಲ, ಮೇಲಿನ ಆದೇಶವನ್ನು ಪಾಲಿಸುತ್ತಿದ್ದಾರೆ ಎಂದು ತಿಳಿದರೆ ಅವರ ಮೇಲೆ ರೇಗುವುದು ಕಡಿಮೆಯಾದೀತು.

ಬ್ಯಾರಿಕೇಡ್ ಹತ್ತಿರ ಹೀಗೆ ನಡೆದುಕೊಳ್ಳಿ

1. ದೂರದಿಂದಲೇ ವೇಗ ಕಡಿಮೆ ಮಾಡಿ. ರಾತ್ರಿಯಾದರೆ ಹೆಡ್‌ಲೈಟ್ ಡಿಮ್ ಮಾಡಿ. ಎದುರು ನಿಂತವರ ಕಣ್ಣಿಗೆ ಬೆಳಕು ಹೊಡೆದರೆ ಅವರಿಗೆ ನಿಮ್ಮ ಗಾಡಿಯೂ ಕಾಣುವುದಿಲ್ಲ, ಹಿಂದಿನ ಗಾಡಿಯೂ ಕಾಣುವುದಿಲ್ಲ.

2. ಸಾಲಿನಲ್ಲೇ ನಿಲ್ಲಿ. ಎದುರಿನಿಂದ ಬರುವ ಬದಿಗೆ ನುಗ್ಗಬೇಡಿ. ಆ ಬದಿಯಲ್ಲೇ ಆಂಬುಲೆನ್ಸ್ ಬರುವುದು. ಬೈಕ್ ಸಣ್ಣದು, ಸಂದಿಯಲ್ಲಿ ನಿಂತರೆ ಏನಾಯಿತು ಎನ್ನಬೇಡಿ. ಹತ್ತು ಬೈಕ್ ಸೇರಿದರೆ ದಾರಿ ಮುಚ್ಚುತ್ತದೆ.

3. ಗುಡ್ಡದ ಬುಡದಲ್ಲಿ, ಮರದ ಕೆಳಗೆ, ತಂತಿಯ ಕೆಳಗೆ, ಸೇತುವೆಯ ಮೇಲೆ ಗಾಡಿ ನಿಲ್ಲಿಸಿ ಕಾಯಬೇಡಿ. ಹಿಂದೆ ಬಂದು ಬಯಲಾದ ಜಾಗದಲ್ಲಿ ನಿಲ್ಲಿ.

4. ಸಮಾಧಾನದಿಂದ ಮೂರು ಪ್ರಶ್ನೆ ಮಾತ್ರ ಕೇಳಿ. "ಬದಲಿ ದಾರಿ ಯಾವುದು? ಎಷ್ಟು ಹೊತ್ತಿಗೆ ತೆರೆಯಬಹುದು? ಯಾರನ್ನು ಕೇಳಿದರೆ ಗೊತ್ತಾಗುತ್ತದೆ?" ಉತ್ತರ ಸಿಕ್ಕಿದ ಮೇಲೆ ಜಾಗ ಬಿಡಿ. ಹಿಂದೆ ಇನ್ನೊಬ್ಬರು ಕೇಳಲು ಕಾಯುತ್ತಿರುತ್ತಾರೆ.

5. ಲೈಸೆನ್ಸ್, ಆರ್‌ಸಿ ಕೇಳಿದರೆ ತೋರಿಸಿ. ಡಿಜಿಲಾಕರ್‌ನಲ್ಲಿ ಇದ್ದರೂ ನಡೆಯುತ್ತದೆ. ಆದರೆ ಮಳೆಯಲ್ಲಿ ಮೊಬೈಲ್ ಚಾರ್ಜ್ ಇರುವುದಿಲ್ಲ, ಪ್ಲಾಸ್ಟಿಕ್ ಕವರಿನಲ್ಲಿ ಪ್ರತಿ ಇಟ್ಟುಕೊಂಡರೆ ಒಳ್ಳೆಯದು.

6. ಪಕ್ಕದ ತೋಟ, ಗದ್ದೆ, ಕಾಲುದಾರಿಯಲ್ಲಿ ಬ್ಯಾರಿಕೇಡ್ ತಪ್ಪಿಸಿ ಹೋಗಬೇಡಿ. ನೀವು ಒಳಗೆ ಹೋದದ್ದು ಯಾರಿಗೂ ಗೊತ್ತಿರುವುದಿಲ್ಲ. ಏನಾದರೂ ಆದರೆ ಹುಡುಕುವವರೂ ಇರುವುದಿಲ್ಲ.

7. "ಅವರನ್ನು ಬಿಟ್ರಿ, ನಮ್ಮನ್ನು ಯಾಕೆ ಬಿಡಲ್ಲ?" ಎಂಬ ಜಗಳ ಬೇಡ. ಒಳಗೆ ಹೋದವರು ಲೈನ್‌ಮನ್ ಇರಬಹುದು, ವೈದ್ಯರಿರಬಹುದು, ಅಲ್ಲಿಯೇ ಮನೆ ಇರುವವರಿರಬಹುದು.

8. ಯಾರಾದರೂ ಅಧಿಕಾರಿ ನಿಜವಾಗಿ ಅಸಭ್ಯವಾಗಿ ಮಾತಾಡಿದರೆ ಅಲ್ಲಿಯೇ ಕೂಗಾಡಬೇಡಿ. ಎದೆಯ ಮೇಲಿನ ಹೆಸರು, ಜಾಗ, ಸಮಯ ಬರೆದುಕೊಳ್ಳಿ. ಮಳೆ ಇಳಿದ ಮೇಲೆ ಠಾಣೆಯ ಮುಖ್ಯಸ್ಥರಿಗೋ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೋ ಬರೆದು ಕೊಡಿ. ಸಂಘದ ಪರವಾಗಿ ಬರೆದರೆ ಇನ್ನೂ ಬಲ ಬರುತ್ತದೆ.

ಮನೆ ಆಚೆ ಇದ್ದರೆ? ಮನೆಯಲ್ಲಿ ರೋಗಿ ಇದ್ದರೆ?

ತಾಯಂದಿರ ಕಷ್ಟ ಇಲ್ಲಿಯೇ ಇರುವುದು. ಮಗು ಆಚೆ ಶಾಲೆಯಲ್ಲಿ, ಅತ್ತೆ ಆಚೆ ಮನೆಯಲ್ಲಿ, ತಾನು ಈಚೆ ಬ್ಯಾರಿಕೇಡ್ ಎದುರು. ಅಂಥ ಹೊತ್ತಿನಲ್ಲಿ "ನಿಲ್ಲಿ" ಎಂದು ಹೇಳುವುದು ಸುಲಭ, ನಿಲ್ಲುವುದು ಕಷ್ಟ. ಆದ್ದರಿಂದ ಮಳೆಗಾಲ ಶುರುವಾಗುವ ಮೊದಲೇ ಕೆಲವು ವ್ಯವಸ್ಥೆ ಮಾಡಿಕೊಳ್ಳಬೇಕು.

ಅಲ್ಲಿ ನಿಂತ ಪೊಲೀಸರಿಗೆ ಮನೆ ಎಲ್ಲಿ, ಒಳಗೆ ಯಾರಿದ್ದಾರೆ ಎಂದು ಸ್ಪಷ್ಟವಾಗಿ ಹೇಳಿ. "ಒಳಗೆ ನನ್ನ ಅತ್ತೆ ಇದ್ದಾರೆ, 80 ವರ್ಷ, ನಡೆಯಲಿಕ್ಕೆ ಆಗುವುದಿಲ್ಲ, ಮನೆ ಸೇತುವೆಯಿಂದ ಎರಡನೆಯದು" ಎಂದರೆ ಅದು ರಕ್ಷಣಾ ತಂಡಕ್ಕೆ ಬೇಕಾದ ಮಾಹಿತಿ. ವೈರ್‌ಲೆಸ್‌ನಲ್ಲಿ ತಿಳಿಸಲು ಅವರಿಗೆ ಸಾಧ್ಯ. ಸುಮ್ಮನೆ ಅಳುತ್ತಾ "ಬಿಡಿ ಸಾರ್" ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಗುರುತಿನ ಚೀಟಿಯಲ್ಲಿ ವಿಳಾಸ ಇದ್ದರೆ ತೋರಿಸಿ. ಮನೆಯವರನ್ನು ಜೊತೆಗೆ ಕರೆದೊಯ್ಯುವ ವ್ಯವಸ್ಥೆ ಇದೆಯೇ ಎಂದು ಕೇಳಿ.

ರೋಗಿಯನ್ನು ಕರೆತರುತ್ತಿದ್ದರೆ ಹೊರಡುವಾಗಲೇ 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ, ಯಾವ ದಾರಿಯಲ್ಲಿ ಬರುತ್ತಿದ್ದೇವೆ ಎಂದು ಹೇಳಿ. ದಾರಿ ಬಂದ್ ಆಗಿದ್ದರೆ ಆಚೆ ಕಡೆಯಿಂದ ಇನ್ನೊಂದು ಆಂಬುಲೆನ್ಸ್ ತರಿಸಲು ಆಗ ಸಮಯ ಸಿಗುತ್ತದೆ. ಬ್ಯಾರಿಕೇಡ್ ಎದುರು ಬಂದು ನಿಂತ ಮೇಲೆ ಯೋಚಿಸಿದರೆ ತಡವಾಗುತ್ತದೆ.

ತುಂಬು ಗರ್ಭಿಣಿಯರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು ಗುಡ್ಡದ ಆಚೆಗಿನ ಊರುಗಳಲ್ಲಿದ್ದರೆ, ಕೆಂಪು ಎಚ್ಚರಿಕೆ ಬಂದ ದಿನವೇ ಆಸ್ಪತ್ರೆಗೆ ಹತ್ತಿರದ ನೆಂಟರ ಮನೆಗೆ ಹೋಗಿ ಇರುವುದು ಒಳ್ಳೆಯದು. ಹವಾಮಾನ ಇಲಾಖೆ ಹಳದಿ, ಕಿತ್ತಳೆ, ಕೆಂಪು ಎಂದು ಎಚ್ಚರಿಕೆ ಕೊಡುತ್ತದೆ. ಹಳದಿ ಎಂದರೆ ಗಮನ ಇರಲಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕೂಡಲೇ ಕ್ರಮ ಕೈಗೊಳ್ಳಿ. ಒಂದೇ ದಿನದಲ್ಲಿ 204.4 ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಬಂದರೆ ಅದನ್ನು ಅತಿ ಭಾರಿ ಮಳೆಗಿಂತಲೂ ಮೇಲಿನ ವರ್ಗಕ್ಕೆ ಸೇರಿಸುತ್ತಾರೆ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಕನಿಷ್ಠ ಹದಿನೈದು ದಿನಕ್ಕೆ ಆಗುವಷ್ಟು ಮನೆಯಲ್ಲಿರಲಿ. ಮಾತ್ರೆ ಮುಗಿಯಿತು ಎಂದು ಕುಸಿದ ರಸ್ತೆ ದಾಟುವ ಪರಿಸ್ಥಿತಿ ಬರಬಾರದು.

ಸಂಘದಿಂದ ಸಹಾಯಕ್ಕೆ ಹೊರಟಾಗ

ನೆರೆ ಬಂತು, ಗುಡ್ಡ ಜರಿಯಿತು ಎಂದು ಕೇಳಿದ ಕೂಡಲೇ ನಮ್ಮ ಸಂಘಗಳು ಅಕ್ಕಿ ಸೇರಿಸುತ್ತವೆ, ಸೀರೆ ಸೇರಿಸುತ್ತವೆ. ಇದು ನಮ್ಮ ದೊಡ್ಡ ಗುಣ. ಆದರೆ ಒಳ್ಳೆಯ ಮನಸ್ಸಿನಿಂದ ಹೊರಟ ಜೀಪು ಕೂಡ ರಸ್ತೆಯಲ್ಲಿ ಒಂದು ಗಾಡಿಯೇ. ಮೊದಲ ಎರಡು ಮೂರು ದಿನ ಅಲ್ಲಿ ಬೇಕಾಗಿರುವುದು ಎನ್‌ಡಿಆರ್‌ಎಫ್, ಎಸ್‌ಡಿಆರ್‌ಎಫ್, ಅಗ್ನಿಶಾಮಕ ದಳದಂಥ ತರಬೇತಿ ಪಡೆದವರು.

ಮೊದಲು ಫೋನ್ ಮಾಡಿ ಕೇಳಿ, ಆಮೇಲೆ ಹೊರಡಿ. ಗ್ರಾಮ ಪಂಚಾಯಿತಿಯ ಪಿಡಿಒ, ತಹಸೀಲ್ದಾರ್ ಕಚೇರಿ ಅಥವಾ ಜಿಲ್ಲಾ ಕಂಟ್ರೋಲ್ ರೂಮ್‌ನಲ್ಲಿ ಏನು ಬೇಕು, ಎಷ್ಟು ಬೇಕು, ಎಲ್ಲಿ ಕೊಡಬೇಕು ಎಂದು ವಿಚಾರಿಸಿ. ಕಾಳಜಿ ಕೇಂದ್ರದಲ್ಲಿ ಅಕ್ಕಿ ಸಾಕಷ್ಟಿದ್ದು, ಸ್ಯಾನಿಟರಿ ಪ್ಯಾಡ್, ಒಳ ಉಡುಪು, ಮಕ್ಕಳ ಬಟ್ಟೆ, ಚಾಪೆ, ಬಕೆಟ್ ಇಲ್ಲದಿರಬಹುದು. ಇಂಥದ್ದನ್ನು ಕೇಳಲು ಹೆಂಗಸರಿಗೆ ಸಂಕೋಚ, ಕೊಡಲು ಹೆಂಗಸರಿಗೇ ಹೊಳೆಯುತ್ತದೆ. ನಮ್ಮ ಸಂಘಗಳಿಗೆ ಇಲ್ಲಿ ನಿಜವಾದ ಕೆಲಸ ಇದೆ.

ಐದು ಸಂಘ ಐದು ಜೀಪು ಮಾಡುವ ಬದಲು ಒಕ್ಕೂಟದಿಂದ ಒಂದೇ ಗಾಡಿ ಮಾಡಿ. ಗಾಡಿಯಲ್ಲಿ ಬೇಕಾದಷ್ಟೇ ಜನ ಇರಲಿ. ಸಾಮಾನಿನ ಪಟ್ಟಿ, ಹೋಗುವವರ ಹೆಸರು, ಅಲ್ಲಿ ತೆಗೆದುಕೊಳ್ಳುವ ಅಧಿಕಾರಿಯ ಹೆಸರು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಬ್ಯಾರಿಕೇಡ್‌ನಲ್ಲಿ ಅದನ್ನು ತೋರಿಸಿ. ಆದರೂ ಬಿಡದಿದ್ದರೆ ಬೇಸರ ಬೇಡ. "ಹಾಗಾದರೆ ಸಾಮಾನು ಎಲ್ಲಿ ಇಳಿಸಬೇಕು ಸಾರ್?" ಎಂದು ಕೇಳಿ ಅಲ್ಲಿಯೇ ಇಳಿಸಿ ರಶೀದಿ ಪಡೆದು ಬನ್ನಿ. ನಮ್ಮ ಕೈಯಿಂದಲೇ ಕೊಡಬೇಕು, ಫೋಟೊ ತೆಗೆಸಿಕೊಳ್ಳಬೇಕು ಎಂಬ ಆಸೆ ಬಿಟ್ಟರೆ ಸಹಾಯ ಬೇಗ ತಲುಪುತ್ತದೆ.

ಪೊಲೀಸರು ಇನ್ನೂ ಬಂದಿಲ್ಲದಿದ್ದರೆ

ಎಷ್ಟೋ ಸಲ ಕುಸಿತ ಮೊದಲು ಕಾಣುವುದು ಹಾಲು ಹಾಕಲು ಹೋಗುವ ನಮಗೇ, ತೋಟದ ಕೆಲಸಕ್ಕೆ ಹೋಗುವ ನಮಗೇ. ಆಗ ಬ್ಯಾರಿಕೇಡ್ ಆಗಬೇಕಾದವರು ನಾವು. ಮೊದಲು ನೀವು ಸುರಕ್ಷಿತ ದೂರಕ್ಕೆ ಬನ್ನಿ. 112ಕ್ಕೆ ಫೋನ್ ಮಾಡಿ ಜಾಗದ ಗುರುತು ಹೇಳಿ: ಯಾವ ಊರು, ಯಾವ ತಿರುವು, ಹತ್ತಿರದ ಅಂಗಡಿ ಅಥವಾ ಕಿಲೋಮೀಟರ್ ಕಲ್ಲು. ತಂತಿ ಬಿದ್ದಿದ್ದರೆ 1912ಕ್ಕೂ ತಿಳಿಸಿ. ತಿರುವಿಗಿಂತ ಸಾಕಷ್ಟು ಮೊದಲೇ, ಗಾಡಿಯವರಿಗೆ ದೂರದಿಂದ ಕಾಣುವ ಕಡೆ ನಿಂತು ಕೆಂಪು ಬಟ್ಟೆಯನ್ನೋ ಟಾರ್ಚನ್ನೋ ಬೀಸಿ. ಎರಡು ಬದಿಯಲ್ಲೂ ಒಬ್ಬೊಬ್ಬರು ಬೇಕು. ನಡುರಸ್ತೆಯಲ್ಲಿ ನಿಲ್ಲಬೇಡಿ, ಜರಿಯುವ ಗುಡ್ಡದ ಕೆಳಗೂ ನಿಲ್ಲಬೇಡಿ. ರಸ್ತೆಯಲ್ಲಿ ಹೊಸ ಬಿರುಕು ಕಂಡರೆ, ಗುಡ್ಡದಿಂದ ಕೆಸರು ನೀರು ಹೊಸದಾಗಿ ಹರಿಯಲು ಶುರುವಾದರೆ, ಮರ, ಕರೆಂಟ್ ಕಂಬ ವಾಲಿದರೆ ಕುಸಿತ ಆಗುವ ತನಕ ಕಾಯದೆ ತಿಳಿಸಿ.

ಮೊಬೈಲ್, ವಾಟ್ಸಾಪ್ ಮತ್ತು ನಮ್ಮ ಮಕ್ಕಳು

ವಿಡಿಯೊ ಮಾಡಲಿಕ್ಕೆಂದೇ ಮಕ್ಕಳು ಅಪಾಯದ ಜಾಗಕ್ಕೆ ಹೋಗುವುದು ಈಗ ದೊಡ್ಡ ಚಿಂತೆ. ಪೊಲೀಸರು ಬ್ಯಾರಿಕೇಡ್‌ನಲ್ಲಿ ತಡೆಯುವ ಮೊದಲು ಮನೆಯ ಹೊಸ್ತಿಲಲ್ಲಿ ತಡೆಯುವುದು ನಮ್ಮಿಂದ ಸಾಧ್ಯ. ಬೈಕಿನ ಕೀಲಿ ಕೇಳಿದಾಗ "ಎಲ್ಲಿಗೆ ಮಗಾ?" ಎಂದು ಕೇಳಿ. "ನೀರು ನೋಡಲಿಕ್ಕೆ" ಎಂದರೆ ಕೀಲಿ ಕೊಡಬೇಡಿ. ಬರೇ ಬೈದರೆ ಕದ್ದು ಹೋಗುತ್ತಾರೆ. ಟೆಕ್ಸಾಸ್‌ನ ಆ ಅಡ್ಡರಸ್ತೆಯ ಕಥೆ, ವಯನಾಡಿನ ಸೇತುವೆ ಲಾರಿಯ ಕಥೆ ಹೇಳಿ. ಕಾರಣ ತಿಳಿದರೆ ಕೇಳುವ ಮಕ್ಕಳೂ ಇದ್ದಾರೆ.

ಹಳೆಯ ವಿಡಿಯೊವನ್ನು "ಈಗ ನಮ್ಮ ಘಾಟಿಯಲ್ಲಿ" ಎಂದು ಗ್ರೂಪಿಗೆ ಹಾಕಬೇಡಿ. ಜನರಲ್ಲಿ ಗಾಬರಿ ಹುಟ್ಟಿಸುವ ಸುಳ್ಳು ಎಚ್ಚರಿಕೆ ಹರಡಿದರೆ ವಿಪತ್ತು ನಿರ್ವಹಣಾ ಕಾಯ್ದೆಯ 54ನೇ ಕಲಮಿನಂತೆ ಒಂದು ವರ್ಷದ ತನಕ ಜೈಲು ಅಥವಾ ದಂಡ ಇದೆ. ಸತ್ತವರ, ಗಾಯಗೊಂಡವರ ಮುಖ ತೋರಿಸುವ ಫೋಟೊ ಕಳಿಸಬೇಡಿ. ಅವರ ತಾಯಿ ಆ ಸುದ್ದಿಯನ್ನು ವಾಟ್ಸಾಪ್‌ನಲ್ಲಿ ನೋಡಿ ತಿಳಿಯಬಾರದು.

ನೆನಪಿನಲ್ಲಿಡುವ ಫೋನ್ ನಂಬರುಗಳು

112 – ಪೊಲೀಸ್ ಮತ್ತು ಎಲ್ಲ ತುರ್ತು ಸಹಾಯ
108 – ಆಂಬುಲೆನ್ಸ್
1077 – ಜಿಲ್ಲಾ ವಿಪತ್ತು ಕಂಟ್ರೋಲ್ ರೂಮ್
1033 – ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ
1912 – ವಿದ್ಯುತ್ ದೂರು

ಇವನ್ನು ಪಾಸ್ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳಿ. ಓದು ಬಾರದ ಹಿರಿಯರ ಮೊಬೈಲಿನಲ್ಲಿ 112ನ್ನು ಮಕ್ಕಳಿಂದ ಸೇವ್ ಮಾಡಿಸಿ ಕೊಡಿ.

ವಾರದ ಸಭೆಯಲ್ಲಿ ಚರ್ಚಿಸಲು

● ನಮ್ಮ ಊರಿನಿಂದ ಆಸ್ಪತ್ರೆಗೆ ಹೋಗುವ ದಾರಿ ಬಂದ್ ಆದರೆ ಬದಲಿ ದಾರಿ ಯಾವುದು? ಅದು ಎಲ್ಲರಿಗೂ ಗೊತ್ತಿದೆಯೇ?
● ನಮ್ಮ ಸಂಘದ ಮನೆಗಳಲ್ಲಿ ನಡೆಯಲಾಗದ ಹಿರಿಯರು, ಗರ್ಭಿಣಿಯರು, ಅಂಗವಿಕಲರು ಎಷ್ಟು ಮಂದಿ? ಈ ಪಟ್ಟಿ ಪಂಚಾಯಿತಿಗೆ ಕೊಟ್ಟಿದ್ದೇವೆಯೇ?
● ಶಾಲೆಗೆ ಹೋದ ಮಕ್ಕಳು ಆಚೆ ಸಿಕ್ಕಿಕೊಂಡರೆ ಅವರನ್ನು ಯಾರ ಮನೆಯಲ್ಲಿ ಇರಿಸಿಕೊಳ್ಳುವುದು?
● ಸಹಾಯ ಕಳಿಸುವಾಗ ಒಕ್ಕೂಟದಿಂದ ಒಂದೇ ಗಾಡಿ ಎಂದು ನಿರ್ಣಯ ಮಾಡೋಣವೇ?

ಚರ್ಚೆ ಮಾಡಿದ್ದನ್ನು ನಿರ್ಣಯ ಪುಸ್ತಕದಲ್ಲಿ ಬರೆಯಿರಿ. ಯಾರು ಯಾವ ಕೆಲಸ ಮಾಡುತ್ತಾರೆ ಎಂದು ಹೆಸರು ಹಾಕಿ.

ಇನ್ನೊಂದು ಸಣ್ಣ ಮಾತು. ನಮ್ಮ ಊರಿನ ಹತ್ತಿರವೇ ಬ್ಯಾರಿಕೇಡ್ ಹಾಕಿದ್ದರೆ, ಅಲ್ಲಿ ನಿಂತವರು ಬೆಳಗಿನಿಂದ ಒದ್ದೆ ಬೂಟಿನಲ್ಲೇ ನಿಂತಿರುತ್ತಾರೆ. ಮಹಿಳಾ ಪೊಲೀಸರೂ ಇರುತ್ತಾರೆ. ಅವರಿಗೆ ಶೌಚಾಲಯ ಎಲ್ಲಿದೆ ಎಂದು ತೋರಿಸಿ, ಒಂದು ಲೋಟ ಬಿಸಿ ಚಹಾ ಕೊಡಿ. ಅವರ ಮನೆಯಲ್ಲೂ ಮಕ್ಕಳು ದಾರಿ ಕಾಯುತ್ತಿರುತ್ತಾರೆ.